ಎತ್ತಿದ ಕೈ, ಎರಡು ಪುಟ: ಕ್ರೈಸ್ತ ಚಿತ್ರಕಲೆಯ ಕೈಸನ್ನೆಗಳನ್ನು ಓದುವ ಬಗೆ

1

ಕ್ರೈಸ್ತ ಧಾರ್ಮಿಕ ಚಿತ್ರಗಳಲ್ಲಿನ ಕೈಸನ್ನೆಗಳನ್ನು ವಿವರಿಸುವ ಬರಹಗಳು ಸಾಮಾನ್ಯವಾಗಿ ಒಂದು ಪಟ್ಟಿಯಿಂದ ತೊಡಗುತ್ತವೆ. ಎತ್ತಿ ಹಿಡಿದ ಎರಡು ಬೆರಳು ಆಶೀರ್ವಾದ. ಎದೆಯ ಮೇಲೆ ಒಂದರ ಮೇಲೊಂದು ಇರಿಸಿದ ಕೈಗಳು ವಿನಯ. ಎರಡೂ ಬದಿಗೆ ತೆರೆದ ತೋಳುಗಳು ಪ್ರಾರ್ಥನೆ. ಮುಗಿಲಿನಿಂದ ಇಳಿದ ಒಂಟಿ ಕೈ ತಂದೆಯಾದ ದೇವರು. ಈ ಪಟ್ಟಿ ಸುಳ್ಳೆಂದು ಯಾರೂ ಹೇಳಲಾರರು. ರೋಮ್ ನಗರದ ಪ್ರಿಸಿಲ್ಲಾ ನೆಲಮಾಳಿಗೆಯ ಸಮಾಧಿಗಳಲ್ಲಿ ತೋಳು ತೆರೆದು ನಿಂತ ಆಕೃತಿ ಪ್ರಾರ್ಥಿಸುತ್ತಿದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಪಟ್ಟಿಯು ಬಾಯಿಬಿಟ್ಟು ಹೇಳದ ಒಂದು ಊಹೆಯನ್ನೂ ನಮ್ಮಿಂದ ಒಪ್ಪಿಸಿಕೊಳ್ಳುತ್ತದೆ. ಅರ್ಥವು ಸನ್ನೆಯೊಳಗೆ ಮೊದಲೇ ಇದೆ, ನೋಡುವವರು ಅದನ್ನು ಬಿಡಿಸಿಕೊಂಡರೆ ಸಾಕು ಎಂಬುದೇ ಆ ಊಹೆ.

ಕನ್ನಡದಲ್ಲಿ ಬರೆಯುವಾಗ ಈ ಊಹೆ ಇನ್ನಷ್ಟು ಗಟ್ಟಿಯಾಗುತ್ತದೆ, ಏಕೆಂದರೆ ನಾವು ಕೂಡಲೇ 'ಮುದ್ರೆ' ಎಂಬ ಪದವನ್ನು ಎತ್ತಿಕೊಳ್ಳುತ್ತೇವೆ. ಮುದ್ರೆ ಎಂದರೆ ಒತ್ತು, ಅಚ್ಚು. ಅಚ್ಚು ಒಂದಾದರೆ ಗುರುತೂ ಒಂದೇ. ಕ್ರಿಸ್ತನ ಎತ್ತಿದ ಬಲಗೈಯನ್ನು ಮುದ್ರೆ ಎಂದು ಕರೆದ ಗಳಿಗೆಯಲ್ಲಿಯೇ, ಅದಕ್ಕೊಂದು ನಿಶ್ಚಿತ ಹೆಸರೂ ನಿಶ್ಚಿತ ಅರ್ಥವೂ ಅದನ್ನು ಕಾಯುವ ಒಂದು ಶಾಸ್ತ್ರವೂ ಇದೆಯೆಂದು ಒಪ್ಪಿಕೊಂಡಂತಾಗುತ್ತದೆ. ಆ ಕೈಯ ಚರಿತ್ರೆ ಇದಕ್ಕೆ ಒಡಂಬಡುವುದಿಲ್ಲ. ಎರಡು ಭಾಷೆಗಳು ಕೂಡುವ ಎಡೆಗಳಲ್ಲಂತೂ, ಸನ್ನೆಯ ಅರ್ಥವನ್ನು ಅದರ ಪಕ್ಕದಲ್ಲಿರುವ ಬರಹ, ಅದನ್ನು ನೋಡುವ ಜನ ಮತ್ತು ಆ ಜನರ ನಡುವಣ ಸಂಬಂಧ ಇವು ಮೂರೂ ಕೂಡಿ ನಿರ್ಧರಿಸುತ್ತವೆ. ಈ ಮಾತನ್ನು ಮೂರು ಪ್ರಸಂಗಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಮೊದಲೆರಡು ಸಿಸಿಲಿ ದ್ವೀಪಕ್ಕೆ ಸೇರಿದವು, ಮೂರನೆಯದು ರಷ್ಯಾದ್ದು.

2

ಮೊದಲಿಗೆ ಸನ್ನೆಯ ಹುಟ್ಟನ್ನು ನೋಡಬೇಕು. ಪೂರ್ವದ ಚರ್ಚಿನ ಸಂಪ್ರದಾಯದಲ್ಲಿ ಕ್ರಿಸ್ತನ ಆಶೀರ್ವಾದದ ಕೈಗೆ ಪ್ರಸಿದ್ಧವಾದ ಒಂದು ವಿವರಣೆ ಇದೆ. ತೋರುಬೆರಳು ನೆಟ್ಟಗೆ ನಿಂತು ಗ್ರೀಕ್ ಅಕ್ಷರ ಐಯೋಟಾ ಆಗುತ್ತದೆ; ಬಾಗಿದ ನಡುಬೆರಳು ಅರ್ಧಚಂದ್ರಾಕಾರದ ಸಿಗ್ಮಾ ಆಗುತ್ತದೆ; ಹೆಬ್ಬೆರಳೂ ಉಂಗುರಬೆರಳೂ ಅಡ್ಡಹಾಯ್ದು ಖೀ ಆಗುತ್ತವೆ; ಬಾಗಿದ ಕಿರುಬೆರಳು ಮತ್ತೊಂದು ಸಿಗ್ಮಾ. ಯೇಸು ಮತ್ತು ಕ್ರಿಸ್ತ ಎಂಬ ಎರಡು ಪದಗಳ ಮೊದಲ ಹಾಗೂ ಕೊನೆಯ ಅಕ್ಷರಗಳು ಹೀಗೆ ಒಂದೇ ಕೈಯಲ್ಲಿ ಕೂಡುತ್ತವೆ. ಕೈಯೇ ಹೆಸರನ್ನು ಬರೆಯುತ್ತದೆ ಎಂಬ ಈ ಕಲ್ಪನೆ ಮನೋಹರವಾದುದು. 18ನೆಯ ಶತಮಾನದ ಪೂರ್ವಾರ್ಧದಲ್ಲಿ ಅಥೋಸ್ ಪರ್ವತದ ಸನ್ಯಾಸಿ ಚಿತ್ರಕಾರ ಫೂರ್ನಾದ ಡಯೊನೀಸಿಯಸ್ ರಚಿಸಿದ ಚಿತ್ರಕಾರರ ಕೈಪಿಡಿಯಲ್ಲಿ ಇದು ವಿಸ್ತಾರವಾಗಿ ಬರುತ್ತದೆ.

ಆದರೆ ಸಿನಾಯಿಯ ಸಂತ ಕ್ಯಾಥರೀನ್ ಮಠದಲ್ಲಿರುವ, ಬಿಸಿ ಮೇಣದಲ್ಲಿ ಬಣ್ಣ ಕಲಸಿ ಬರೆದ ಕ್ರಿಸ್ತನ ಐಕಾನ್ 6ನೆಯ ಶತಮಾನದ್ದು. ಅಲ್ಲಿಯೂ ಬಲಗೈ ಆಶೀರ್ವಾದಕ್ಕೆ ಎತ್ತಿದೆ. ಆ ಐಕಾನಿಗೂ ಈ ಕೈಪಿಡಿಗೂ ಸಾವಿರ ವರ್ಷಕ್ಕಿಂತ ಹೆಚ್ಚಿನ ಅಂತರವಿದೆ. ಸನ್ನೆ ಇನ್ನೂ ಹಿಂದಕ್ಕೆ ಹೋಗುತ್ತದೆ. ರೋಮನ್ ವಾಗ್ಮಿತೆಯ ಶಿಕ್ಷಕ ಕ್ವಿಂಟಿಲಿಯನ್ ತನ್ನ ಗ್ರಂಥದ 11ನೆಯ ಭಾಗದಲ್ಲಿ ಭಾಷಣಕಾರನ ಕೈಚಲನೆಗಳನ್ನು ಬೆರಳು ಬೆರಳಾಗಿ ವರ್ಣಿಸುತ್ತಾನೆ. ನಡುಬೆರಳನ್ನು ಹೆಬ್ಬೆರಳಿಗೆ ತಾಗಿಸಿ ಉಳಿದ ಮೂರನ್ನು ಚಾಚುವ ಸನ್ನೆ ಮಾತಿನ ಆರಂಭಕ್ಕೆ ಒಪ್ಪುತ್ತದೆ ಎನ್ನುತ್ತಾನೆ. 2ನೆಯ ಶತಮಾನದಲ್ಲಿ ಅಪುಲೇಯಸ್ ಬರೆದ ಕಥನದಲ್ಲಿ ಔತಣಕೂಟದ ಅತಿಥಿಯೊಬ್ಬ ಕತೆ ಹೇಳುವ ಮುನ್ನ ಭಾಷಣಕಾರರ ಹಾಗೆ ಕೈಚಾಚಿ, ಕೊನೆಯ ಎರಡು ಬೆರಳುಗಳನ್ನು ಮಡಚಿ ಉಳಿದವನ್ನು ಮುಂದಕ್ಕೆ ನೀಡುತ್ತಾನೆ. ಮುಂದೆ ಲ್ಯಾಟಿನ್ ಚರ್ಚು ತನ್ನ ಆಶೀರ್ವಾದವೆಂದು ಗುರುತಿಸಿಕೊಂಡ ಕೈಯ ವಿನ್ಯಾಸ ಇದೇ.

ಅಂದರೆ ಅನಂತರ ಆಶೀರ್ವಾದವೆನಿಸಿಕೊಂಡ ಸನ್ನೆ ಮೂಲದಲ್ಲಿ 'ನಾನು ಮಾತನಾಡುತ್ತಿದ್ದೇನೆ, ಕೇಳಿ' ಎಂಬುದರ ಸೂಚನೆ. ದೇವದೂತ ಗಬ್ರಿಯೇಲನು ಕನ್ಯೆ ಮರಿಯಳಿಗೆ ಮಂಗಳವಾರ್ತೆ ತರುವ ಬೈಜಾಂಟೈನ್ ಚಿತ್ರಗಳಲ್ಲಿ ದೂತನ ಚಾಚಿದ ಕೈ ಹರಸುತ್ತಿದೆಯೋ ನುಡಿಯುತ್ತಿದೆಯೋ ಎಂದು ಬೇರ್ಪಡಿಸಿ ಹೇಳುವುದು ಇಂದಿಗೂ ಕಷ್ಟ. ಬಹುಶಃ ಬೇರ್ಪಡಿಸುವ ಅಗತ್ಯವೂ ಅಂದಿನವರಿಗೆ ಇರಲಿಲ್ಲ. ದೇವರ ನುಡಿಯೇ ಹರಕೆ ಎಂದು ನಂಬಿದ ಸಮುದಾಯಕ್ಕೆ ಮಾತಿನ ಕೈ ಆಶೀರ್ವಾದದ ಕೈಯಾಗುವುದು ಸಹಜ. ಅಕ್ಷರಗಳ ವಿವರಣೆ ಆ ಮೇಲೆ ಬಂದದ್ದು. ತಡವಾಗಿ ಬಂದಿತೆಂಬ ಕಾರಣಕ್ಕೆ ಅದು ಹುಸಿಯಾಗುವುದಿಲ್ಲ; ಅದನ್ನು ನಂಬಿ ಬೆರಳು ಬಾಗಿಸಿದ ಚಿತ್ರಕಾರರಿಗೆ ಅದು ನಿಜವೇ ಆಗಿತ್ತು. ಆದರೆ ವಿವರಣೆಯನ್ನು ಮೂಲವೆಂದು ತಿಳಿದರೆ ಚರಿತ್ರೆ ತಲೆಕೆಳಗಾಗುತ್ತದೆ.

3

'ಗ್ರೀಕ್ ಆಶೀರ್ವಾದ' ಮತ್ತು 'ಲ್ಯಾಟಿನ್ ಆಶೀರ್ವಾದ' ಎಂಬ ವಿಭಜನೆಯನ್ನೂ ಇದೇ ಎಚ್ಚರದಿಂದ ನೋಡಬೇಕು. ಮೊದಲನೆಯದರಲ್ಲಿ ಉಂಗುರಬೆರಳು ಹೆಬ್ಬೆರಳಿನ ಕಡೆಗೆ ಬಾಗುತ್ತದೆ. ಎರಡನೆಯದರಲ್ಲಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಚಾಚಿರುತ್ತವೆ, ಉಳಿದೆರಡು ಮಡಚಿರುತ್ತವೆ. ಕೈಪಿಡಿಗಳು ಇವನ್ನು ಪೂರ್ವ ಪಶ್ಚಿಮಗಳ ಗಡಿಗಲ್ಲಿನಂತೆ ಬಳಸುತ್ತವೆ. ಆದರೆ ಆರಂಭದ ಶತಮಾನಗಳಲ್ಲಿ ಎರಡೂ ವಿನ್ಯಾಸಗಳು ಎರಡೂ ಕಡೆ ಕಾಣುತ್ತವೆ. ಗಡಿ ಬಿಗಿಯಾದ ಮೇಲೆ ಬೆರಳುಗಳಿಗೂ ಕುಲದ ಹೆಸರು ಬಂದಿತು.

ಇದನ್ನು ಅರಿಯಲು ಸಿಸಿಲಿಯ ಉತ್ತರ ಕರಾವಳಿಯ ಚೆಫಲು ಪಟ್ಟಣದ ಪ್ರಧಾನ ಇಗರ್ಜಿಯಷ್ಟು ಒದಗುವ ಉದಾಹರಣೆ ಬೇರೊಂದಿಲ್ಲ. ನಾರ್ಮನ್ ಅರಸ ಎರಡನೆಯ ರೋಜರ್ 1131ರಲ್ಲಿ ಇದನ್ನು ಕಟ್ಟಿಸತೊಡಗಿದ. ಪೂಜಾವೇದಿಕೆಯ ಹಿಂದಿನ ಅರ್ಧಗುಮ್ಮಟದ ಮೊಸಾಯಿಕ್ ಕೆಲಸಕ್ಕೆ ಅಲ್ಲಿನ ಶಾಸನವೇ ಕೊಡುವ ಕಾಲ 1148. ಬಂಗಾರದ ಹಿನ್ನೆಲೆಯಲ್ಲಿ ಸರ್ವಶಕ್ತ ಕ್ರಿಸ್ತನ ಬೃಹತ್ ಆಕೃತಿ ಇದೆ. ಬಲಗೈ ಆಶೀರ್ವಾದಕ್ಕೆ ಎತ್ತಿದೆ. ಎಡಗೈಯಲ್ಲಿ ತೆರೆದ ಪುಸ್ತಕ. ಪುಸ್ತಕದಲ್ಲಿರುವುದು ಯೋಹಾನನ ಶುಭಸಂದೇಶದ 8ನೆಯ ಅಧ್ಯಾಯದ 12ನೆಯ ವಾಕ್ಯ, ಕ್ರಿಸ್ತನು ತನ್ನನ್ನು ಲೋಕದ ಬೆಳಕೆಂದು ಹೇಳಿಕೊಳ್ಳುವ ಮಾತು. ಒಂದು ಪುಟದಲ್ಲಿ ಅದು ಗ್ರೀಕಿನಲ್ಲಿದೆ, ಎದುರು ಪುಟದಲ್ಲಿ ಲ್ಯಾಟಿನ್‌ನಲ್ಲಿ.

ಕಲಾಚರಿತ್ರೆಕಾರರು ಈ ಕೈಯನ್ನು ಗ್ರೀಕ್ ಬಗೆಗೆ ಸೇರಿಸುವುದು ವಾಡಿಕೆ. ಕೆಲಸಗಾರರು ಬೈಜಾಂಟೈನ್ ಪರಂಪರೆಯಲ್ಲಿ ಪಳಗಿದವರಾದ್ದರಿಂದ ಅದು ಸಮಂಜಸವೂ ಹೌದು. ಆದರೆ ಆ ಗುರುತು ಹಚ್ಚಿದ ಮೇಲೆ ಮುಂದಿನ ಪ್ರಶ್ನೆಯನ್ನು ಕೇಳದೆ ಬಿಡುವುದು ಸಮಂಜಸವಲ್ಲ. ಈ ಇಗರ್ಜಿ ಲ್ಯಾಟಿನ್ ಆಚರಣೆಯದು. ರೋಮ್ ಮತ್ತು ಕಾನ್‌ಸ್ಟಾಂಟಿನೋಪಲ್‌ಗಳ ನಡುವೆ 1054ರ ವಿಚ್ಛೇದ ಆಗಲೇ ಸಂಭವಿಸಿತ್ತು. ಹೀಗಿದ್ದೂ ಲ್ಯಾಟಿನ್ ಪುಟವನ್ನು ಓದಬಲ್ಲವನು ಆ ಕೈಯನ್ನು ಪರಕೀಯವೆಂದು ತಳ್ಳಬೇಕಾಗಿರಲಿಲ್ಲ. ಪುಸ್ತಕ ಎರಡು ಭಾಷೆಯಲ್ಲಿ ಹೇಳಬೇಕಾದುದನ್ನು ಕೈ ಒಂದೇ ಸಲಕ್ಕೆ ಹೇಳುತ್ತದೆ. ಕೈಯನ್ನು ಗ್ರೀಕಿಗೆ ಬರೆದುಕೊಡುವ ವಿಮರ್ಶಕ, ತಾನು ಅರಿಯದೆಯೇ, ಪುಸ್ತಕದ ಒಂದು ಪುಟವನ್ನು ಮಡಚಿಬಿಟ್ಟಿರುತ್ತಾನೆ.

ರೋಜರನ ರಾಜ್ಯದಲ್ಲಿ ಇದು ಒಂಟಿ ಪ್ರಸಂಗವಲ್ಲ. ಅವನ ಆಡಳಿತ ಗ್ರೀಕ್, ಲ್ಯಾಟಿನ್, ಅರಬ್ಬಿ ಮೂರರಲ್ಲಿಯೂ ನಡೆಯುತ್ತಿತ್ತು. ಪಲೆರ್ಮೊದಲ್ಲಿ 1149ರ ಒಂದು ಸಮಾಧಿಫಲಕ ಲ್ಯಾಟಿನ್, ಗ್ರೀಕ್, ಅರಬ್ಬಿಗಳೊಂದಿಗೆ ಹೀಬ್ರೂ ಲಿಪಿಯಲ್ಲಿ ಬರೆದ ಅರಬ್ಬಿಯನ್ನೂ ಹೊತ್ತಿದೆ. ಅದೇ ನಗರದ ಮಾರ್ತೊರಾನಾ ಇಗರ್ಜಿಯ ಮೊಸಾಯಿಕ್‌ನಲ್ಲಿ ಕ್ರಿಸ್ತನು ರೋಜರನ ತಲೆಯ ಮೇಲೆ ಕಿರೀಟವಿಡುತ್ತಾನೆ. ಅರಸನ ಪಕ್ಕದ ಬರಹದಲ್ಲಿ ಅರಸ ಎಂಬುದಕ್ಕೆ ಬಳಸಿದ ಪದ ಲ್ಯಾಟಿನ್ನಿನ 'ರೆಕ್ಸ್', ಅಕ್ಷರಗಳು ಮಾತ್ರ ಗ್ರೀಕ್. ಮುಂಬಾಗಿ ಎರಡು ಕೈಗಳನ್ನೂ ಬೇಡಿಕೆಯ ರೀತಿಯಲ್ಲಿ ನೀಡಿದ ಅರಸನ ನಿಲುವು ಬೈಜಾಂಟೈನ್ ಚಿತ್ರಗಳಲ್ಲಿ ಸಂತರು ಕ್ರಿಸ್ತನ ಮುಂದೆ ನಿಲ್ಲುವ ನಿಲುವು. ಪದ ಒಂದು ಕಡೆಯದು, ಲಿಪಿ ಇನ್ನೊಂದು ಕಡೆಯದು, ಕೈ ಎರಡಕ್ಕೂ ಸಲ್ಲುವುದು. ಗಡಿಭಾಗದ ಶಾಸನಗಳೊಡನೆ ಕೆಲಸ ಮಾಡಿದವರಿಗೆ ಇಂಥ ಬೆರಕೆ ಅಚ್ಚರಿ ತರುವಂಥದಲ್ಲ.

ಇದನ್ನು ಸೌಹಾರ್ದದ ಚಿತ್ರವೆಂದು ಸುಮ್ಮನೆ ಕೊಂಡಾಡುವುದೂ ತಪ್ಪಾಗುತ್ತದೆ. ಎರಡು ಪುಟಗಳ ಹಿಂದೆ ಒಂದು ರಾಜಕೀಯ ಲೆಕ್ಕಾಚಾರವಿತ್ತು. ಗೆದ್ದ ಅರಸನಿಗೆ ಎರಡೂ ಜನವರ್ಗಗಳ ಒಪ್ಪಿಗೆ ಬೇಕಾಗಿತ್ತು. ಮುಂದಿನ ಶತಮಾನದಲ್ಲಿ ಎರಡನೆಯ ಫ್ರೆಡರಿಕ್ ಸಿಸಿಲಿಯ ಮುಸ್ಲಿಮರನ್ನು ಇಟಲಿಯ ಲುಚೇರಾಕ್ಕೆ ಸಾಗಹಾಕಿದ. ಗ್ರೀಕ್ ಬಲ್ಲವರೂ ಕ್ರಮೇಣ ವಿರಳರಾದರು. ಚೆಫಲುವಿನ ಪುಸ್ತಕ ಮಾತ್ರ ಹಾಗೆಯೇ ತೆರೆದುಕೊಂಡಿದೆ. ಓದುವವರು ಕಡಿಮೆಯಾದ ಪುಟವನ್ನು ಗೋಡೆಯಿಂದ ಯಾರೂ ಕೀಳಲಿಲ್ಲ, ಓದದೆ ಹೋದದ್ದಷ್ಟೇ. ಅಂಥ ಕಾಲದಲ್ಲಿ ಕೈಯ ಅರ್ಥವೂ ಕುಗ್ಗುತ್ತದೆ. ಇಬ್ಬರನ್ನು ಒಟ್ಟಿಗೆ ಉದ್ದೇಶಿಸಿದ ಸನ್ನೆಯು ಒಬ್ಬರ ವಿಶಿಷ್ಟ ಶೈಲಿಯಾಗಿ ಉಳಿಯುತ್ತದೆ.

4

ಸುಮಾರು ಮೂರು ಶತಮಾನಗಳ ಅನಂತರ ಅದೇ ದ್ವೀಪದ ಮೆಸ್ಸಿನಾದ ಚಿತ್ರಕಾರ ಅಂತೊನೆಲ್ಲೊ ಮಂಗಳವಾರ್ತೆಯ ಮರಿಯಳನ್ನು ಎರಡು ಬಾರಿ, ಎರಡು ಬಗೆಯಲ್ಲಿ ಚಿತ್ರಿಸಿದ. ಮ್ಯೂನಿಕ್‌ನಲ್ಲಿರುವ ಚಿತ್ರದಲ್ಲಿ ಮರಿಯಳ ಕೈಗಳು ಎದೆಯ ಮೇಲೆ ಒಂದನ್ನೊಂದು ಹಾಯ್ದಿವೆ. ಪಲೆರ್ಮೊದ ಅಬತೆಲ್ಲಿಸ್ ಅರಮನೆಯಲ್ಲಿರುವ, ಸುಮಾರು 1476ರದೆಂದು ಎಣಿಸಲಾಗುವ ಚಿಕ್ಕ ಫಲಕದಲ್ಲಿ ಎಡಗೈ ನೀಲಿ ಮೇಲುಸೆರಗನ್ನು ಎದೆಯ ಬಳಿ ಹಿಡಿದಿದೆ. ಬಲಗೈ ಮುಂದೆ, ನೋಡುವವರ ಕಡೆಗೆ, ತುಸು ಎತ್ತಿದೆ. ಎದುರಿಗೆ ಓದುಪೀಠ, ಅದರ ಮೇಲೆ ತೆರೆದ ಪುಸ್ತಕ. ಎರಡರಲ್ಲಿಯೂ ದೇವದೂತನಿಲ್ಲ.

ಇಂಥ ಚಿತ್ರಗಳನ್ನು ಓದಲು ಮೈಕೆಲ್ ಬಾಕ್ಸಂಡಾಲ್ 1972ರಲ್ಲಿ ಪ್ರಕಟಿಸಿದ, 15ನೆಯ ಶತಮಾನದ ಇಟಲಿಯ ಚಿತ್ರಕಲೆಯನ್ನು ಕುರಿತ ಗ್ರಂಥ ಒಂದು ಸಾಧನವನ್ನು ಕೊಟ್ಟಿತು. ಲೆಚ್ಚೆಯ ಬೋಧಕ ಫ್ರಾ ರೊಬೆರ್ತೊ ತನ್ನ ಪ್ರವಚನದಲ್ಲಿ ಮಂಗಳವಾರ್ತೆಯ ಹೊತ್ತಿನ ಮರಿಯಳ ಮನಸ್ಸನ್ನು ಐದು ಸ್ಥಿತಿಗಳಾಗಿ ವಿಂಗಡಿಸಿದ್ದ: ಕಳವಳ, ಆಲೋಚನೆ, ಪ್ರಶ್ನೆ, ವಿನಯ, ಪುಣ್ಯಪ್ರಾಪ್ತಿ. ಪ್ರವಚನ ಕೇಳಿ ಬಂದ ಜನ ಚಿತ್ರದೆದುರು ನಿಂತಾಗ ಮರಿಯಳ ಕೈಯಿಂದ ಆಕೆ ಯಾವ ಸ್ಥಿತಿಯಲ್ಲಿದ್ದಾಳೆಂದು ಗುರುತಿಸುತ್ತಿದ್ದರು ಎಂಬುದು ಬಾಕ್ಸಂಡಾಲನ ವಾದ. ಬೊತ್ತಿಚೆಲ್ಲಿಯ ಮರಿಯಳ ತಿರುಚಿದ ಮೈ ಮತ್ತು ಮುಂದೊಡ್ಡಿದ ಕೈಗಳು ಕಳವಳವನ್ನು ಹೇಳುತ್ತವೆ. ಫ್ರಾ ಆಂಜೆಲಿಕೊ ಫ್ಲಾರೆನ್ಸಿನ ಸಾನ್ ಮಾರ್ಕೊ ಮಠದಲ್ಲಿ ಬರೆದ ಮರಿಯಳ ಮಡಿಸಿದ ಕೈಗಳು ವಿನಯವನ್ನು. ಅರ್ಥವು ಚಿತ್ರದ ಹೊರಗಿನ ಒಂದು ಜೀವಂತ ಮಾತಿನ ಪರಿಸರದಿಂದ ಒದಗುತ್ತದೆ ಎಂದು ತೋರಿಸಿದ್ದು ಈ ಗ್ರಂಥದ ದೊಡ್ಡ ಸಾಧನೆ. ಸನ್ನೆಗಳಿಗೆ ಆ ಕಾಲದ ನಿಘಂಟು ಇಲ್ಲ ಎಂಬುದನ್ನೂ ಬಾಕ್ಸಂಡಾಲ್ ಒಪ್ಪಿಕೊಂಡಿದ್ದ.

ಆದರೂ ಅವನ ಓದುಗರು ಆ ಐದು ಸ್ಥಿತಿಗಳನ್ನೇ ನಿಘಂಟಾಗಿ ಮಾಡಿಕೊಂಡರು. ದೂತನಿಲ್ಲದೆ ಒಂಟಿಯಾಗಿರುವ ಮರಿಯಳ ಚಿತ್ರಗಳನ್ನು ಬಾಕ್ಸಂಡಾಲ್ ಐದನೆಯ ಸ್ಥಿತಿಗೆ, ದೂತನು ಹೊರಟುಹೋದ ಅನಂತರದ ಗಳಿಗೆಗೆ ಸೇರಿಸುತ್ತಾನೆ. ಪಲೆರ್ಮೊದ ಫಲಕ ಈ ಖಾನೆಯಲ್ಲಿ ಕೂರುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಹೊರಟುಹೋದವನೆಡೆಗೆ ಯಾರೂ ಕೈ ಎತ್ತುವುದಿಲ್ಲ. ಆ ಬಲಗೈಯನ್ನು ನೋಡಿದಷ್ಟೂ ಅದು ಹಲವು ಅರ್ಥಗಳನ್ನು ಹತ್ತಿರಕ್ಕೆ ಕರೆದು ಯಾವುದಕ್ಕೂ ಪೂರ್ತಿ ಒಲಿಯದೆ ಉಳಿಯುತ್ತದೆ. ತಡೆಯುವ ಕೈ ಎಂದರೆ ಬೆರಳುಗಳಲ್ಲಿ ಬಿಗುವಿಲ್ಲ. ಹರಸುವ ಕೈ ಎಂದರೆ ಹರಸುವುದು ಆಕೆಯ ಪಾಲಿನ ಕೆಲಸವಲ್ಲ. ಪ್ರಶ್ನೆ ಎಂದರೆ ಮುಖದಲ್ಲಿ ಪ್ರಶ್ನೆ ಇಲ್ಲ. ತುಟಿ ಮುಚ್ಚಿದೆ, ನೋಟ ಪಕ್ಕಕ್ಕೆ ಸರಿದಿದೆ.

ನಮ್ಮಲ್ಲಿ ಬೆಳೆದ ಕಣ್ಣಿಗೆ ಇಲ್ಲಿ ಒಂದು ವಿಶೇಷ ಅಪಾಯವಿದೆ. ಮುಂದೆ ನೀಡಿದ ಅಂಗೈಯನ್ನು ಕಂಡ ಕೂಡಲೇ ಅಭಯಹಸ್ತವೆಂದು ನಾವು ಓದಿಬಿಡುತ್ತೇವೆ. ಹಾಗೆ ಓದಿದರೆ ಚಿತ್ರದ ಸಂಬಂಧಗಳೇ ಅದಲುಬದಲಾಗುತ್ತವೆ. ಅಭಯ ಕೊಡುವವರು ಮೇಲಿನವರು, ಪಡೆಯುವವರು ಕೆಳಗಿನವರು. ಇಲ್ಲಿಯಾದರೋ 'ಹೆದರಬೇಡ' ಎಂಬ ಭರವಸೆ ಶುಭಸಂದೇಶದ ಕಥನದಲ್ಲಿ ದೂತನಿಂದ ಮರಿಯಳಿಗೆ ಸಲ್ಲುವಂಥದು. ದೂತನನ್ನು ತೆಗೆದುಹಾಕಿದ ಅಂತೊನೆಲ್ಲೊ ಅವನ ಜಾಗದಲ್ಲಿ ನೋಡುವವರನ್ನು ನಿಲ್ಲಿಸಿದ್ದಾನೆ. ಆಕೆಯ ಕೈ ಉತ್ತರಿಸುತ್ತಿರುವುದು ನಾವು ಕೇಳದ, ಆದರೆ ನಮ್ಮ ಕಡೆಯಿಂದಲೇ ಬಂದ ಒಂದು ಮಾತಿಗೆ. ಆದ್ದರಿಂದ ಆ ಕೈಗೆ ಒಂದು ಹೆಸರಿಡುವುದಕ್ಕಿಂತ, ಸಂಭಾಷಣೆಯ ಅರ್ಧಭಾಗ ಮಾತ್ರ ಇಲ್ಲಿದೆ ಎಂದು ಒಪ್ಪುವುದು ಹೆಚ್ಚು ಪ್ರಾಮಾಣಿಕವಾದ ಓದು. ಮ್ಯೂನಿಕ್ ಚಿತ್ರದ ಕೈಗಳಿಗೆ ಪಟ್ಟಿಯಲ್ಲಿ ಸಿದ್ಧ ಜಾಗವಿದೆ. ಅದನ್ನು ಬಲ್ಲ ಚಿತ್ರಕಾರನೇ ಪಲೆರ್ಮೊ ಫಲಕದಲ್ಲಿ ಆ ಜಾಗವನ್ನು ಬಿಟ್ಟು ಹೊರಬಂದಿದ್ದಾನೆ.

5

ಇಷ್ಟರ ಮೇಲೆ, ಬೆರಳಿನ ವಿನ್ಯಾಸಕ್ಕೆ ಇಷ್ಟು ತೂಕವೇಕೆ ಎಂಬ ಸಂಶಯ ಉಳಿಯಬಹುದು. ರಷ್ಯಾದ 17ನೆಯ ಶತಮಾನ ಅದಕ್ಕೆ ಉತ್ತರ ಕೊಡುತ್ತದೆ. 1551ರ ಮಾಸ್ಕೋದ ಧರ್ಮಸಭೆ ಶಿಲುಬೆಯ ಗುರುತನ್ನು ಎರಡು ಬೆರಳುಗಳಿಂದಲೇ ಮಾಡಬೇಕೆಂದು ವಿಧಿಸಿತ್ತು. 1653ರಲ್ಲಿ ಪಿತೃಪ್ರಧಾನ ನಿಕೋನ್, ಸಮಕಾಲೀನ ಗ್ರೀಕರ ಪದ್ಧತಿಗೆ ಹೊಂದಿಸುವುದಕ್ಕಾಗಿ, ಮೂರು ಬೆರಳುಗಳನ್ನು ಜೋಡಿಸಬೇಕೆಂದು ಆಜ್ಞೆ ಹೊರಡಿಸಿದ. ಒಪ್ಪದವರನ್ನು 1666-67ರ ಧರ್ಮಸಭೆ ಬಹಿಷ್ಕರಿಸಿತು. ಹಳೆಯ ನಂಬಿಕೆಯವರೆಂದು ಹೆಸರಾದ ಈ ಪಂಗಡದ ನಾಯಕ ಅವ್ವಾಕೂಮ್‌ನನ್ನು 1682ರಲ್ಲಿ ಸುಟ್ಟು ಕೊಲ್ಲಲಾಯಿತು. ಶ್ರೀಮಂತ ಮನೆತನದ ಮೊರೊಜೊವಾ 1675ರಲ್ಲಿ ಬೊರೊವ್‌ಸ್ಕ್‌ನ ಸೆರೆಯಲ್ಲಿ ಸತ್ತಳು.

ಗಮನಿಸಬೇಕಾದ ಸಂಗತಿ ಎರಡೂ ಪಕ್ಷಗಳ ವಿವರಣೆಯಲ್ಲಿದೆ. ಹಳೆಯ ನಂಬಿಕೆಯವರಿಗೆ ಚಾಚಿದ ಎರಡು ಬೆರಳು ಕ್ರಿಸ್ತನ ದೈವ ಮಾನವ ಸ್ವಭಾವಗಳು, ಜೋಡಿಸಿದ ಉಳಿದ ಮೂರು ತ್ರಿತ್ವ. ನಿಕೋನನ ಪಕ್ಷಕ್ಕೆ ಜೋಡಿಸಿದ ಮೂರು ಬೆರಳು ತ್ರಿತ್ವ, ಮಡಚಿದ ಎರಡು ಕ್ರಿಸ್ತನ ಎರಡು ಸ್ವಭಾವಗಳು. ಐದು ಬೆರಳುಗಳಲ್ಲಿ ಇಬ್ಬರೂ ಓದಿದ ಸಿದ್ಧಾಂತ ಒಂದೇ. ಹಂಚಿಕೆ ಮಾತ್ರ ಬೇರೆ. ಸನ್ನೆಯ ಅರ್ಥವೆಂದರೆ ಅದು ಸೂಚಿಸುವ ತತ್ತ್ವವಷ್ಟೇ ಆಗಿದ್ದಲ್ಲಿ ಜಗಳಕ್ಕೆ ಎಡೆಯಿರಲಿಲ್ಲ. ಅಲ್ಲಿ ಪಣಕ್ಕಿದ್ದದ್ದು ತಂದೆತಾಯಿಯಿಂದ ಕಲಿತ ಕೈ. ರಾಜಧಾನಿಯ ಆಜ್ಞೆಯಿಂದ ಅದನ್ನು ಬದಲಿಸಬಹುದೇ ಎಂಬ ಪ್ರಶ್ನೆ. ಹಳೆಯ ಐಕಾನುಗಳಲ್ಲಿ ಎರಡು ಬೆರಳೆತ್ತಿದ ಕ್ರಿಸ್ತನೂ ಸಂತರೂ ಈ ಜನರಿಗೆ ಸಾಕ್ಷಿಗಳಾದರು. ನಿಕೋನನ ಪಕ್ಷದ ಪುರೋಹಿತರು ಹರಸುವಾಗ, ಮೇಲೆ ಹೇಳಿದ ಅಕ್ಷರಗಳ ಕೈಯನ್ನು ಬಳಸತೊಡಗಿದರು. ಚಿತ್ರ ಹೀಗೆ ದಾಖಲೆಯ ಕೆಲಸ ಮಾಡಿತು.

ವಸೀಲಿ ಸೂರಿಕೋವ್ 1887ರಲ್ಲಿ ಪೂರೈಸಿದ, ಮಾಸ್ಕೋದ ತ್ರೆತ್ಯಾಕೋವ್ ಸಂಗ್ರಹದಲ್ಲಿರುವ ದೊಡ್ಡ ಚಿತ್ರದಲ್ಲಿ ಮೊರೊಜೊವಾಳನ್ನು ಹಿಮದ ಮೇಲೆ ಜಾರುಬಂಡಿಯಲ್ಲಿ ಸೆರೆಗೆ ಒಯ್ಯಲಾಗುತ್ತಿದೆ. ಸಂಕೋಲೆಯ ಕೈಯನ್ನು ಮೇಲೆತ್ತಿ ಆಕೆ ಎರಡು ಬೆರಳು ತೋರಿಸುತ್ತಾಳೆ. ಜನಸಂದಣಿಯಲ್ಲಿ ಕೆಲವರು ನಗುತ್ತಾರೆ, ಕೆಲವರು ತಲೆಬಾಗುತ್ತಾರೆ. ಹಿಮದಲ್ಲಿ ಬರಿಗಾಲಲ್ಲಿ ಕುಳಿತ ದೇವಮರುಳನೊಬ್ಬ ತಾನೂ ಎರಡು ಬೆರಳೆತ್ತಿ ಉತ್ತರಿಸುತ್ತಾನೆ. ಇದು ಪೂಜೆಯ ಚಿತ್ರವಲ್ಲ, ಇತಿಹಾಸದ ಚಿತ್ರ. ಆದರೂ ಐಕಾನು ತಾನಾಗಿ ಹೇಳಲಾರದ್ದನ್ನು ಇದು ಹೇಳುತ್ತದೆ: ಸನ್ನೆಗೆ ಅರ್ಥ ಬರುವುದು ಮರುಸನ್ನೆಯಿಂದ. ನಗುವವರ ಪಾಲಿಗೆ ಮೊರೊಜೊವಾ ಎತ್ತಿದ್ದು ಎರಡು ಬೆರಳು ಮಾತ್ರ.

6

ಆರಂಭದಲ್ಲಿ ಎತ್ತಿದ ಪದದ ಪ್ರಶ್ನೆಗೆ ಈಗ ಮರಳಬಹುದು. ಮುದ್ರೆ ಎಂಬ ಪದವನ್ನು ಕೈಬಿಡಬೇಕೆಂದು ಸೂಚಿಸುವಾಗ ನಮ್ಮ ಲಕ್ಷಣಶಾಸ್ತ್ರವನ್ನೇ ಬದಿಗಿಡಬೇಕೆಂಬುದು ನನ್ನ ಇಂಗಿತವಲ್ಲ. ನಾಟ್ಯಶಾಸ್ತ್ರವು 24 ಅಸಂಯುತ ಹಸ್ತಗಳನ್ನೂ 13 ಸಂಯುತ ಹಸ್ತಗಳನ್ನೂ ಹೆಸರಿಸುತ್ತದೆ. ಆದರೆ ಹೆಸರಿಟ್ಟ ಮಾತ್ರಕ್ಕೆ ಅರ್ಥ ಮುಗಿಯಿತೆಂದು ಆ ಪರಂಪರೆ ತಿಳಿದಿಲ್ಲ. ನಂದಿಕೇಶ್ವರನ ಅಭಿನಯದರ್ಪಣದಲ್ಲಿ ಪತಾಕವೆಂಬ ಒಂದೇ ಹಸ್ತ ಮೋಡ, ಕಾಡು, ನದಿ, ಇರುಳು ಮೊದಲಾದ ಹತ್ತಾರು ಸಂಗತಿಗಳಿಗೆ ಒದಗುತ್ತದೆ. ಹಸ್ತ ಬೇರೆ, ವಿನಿಯೋಗ ಬೇರೆ. ಯಾವ ಸಂದರ್ಭದಲ್ಲಿ, ಯಾವ ಮಾತಿನೊಡನೆ, ಯಾರ ಎದುರಿನಲ್ಲಿ ಕೈ ಬಳಕೆಯಾಯಿತು ಎಂಬುದೇ ವಿನಿಯೋಗ. ಕ್ರೈಸ್ತ ಚಿತ್ರಗಳ ಓದಿಗೆ ನಾವು ಎರವಲಾಗಿ ಕೊಡಬಹುದಾದದ್ದು ಹಸ್ತಗಳ ಹೆಸರುಗಳನ್ನಲ್ಲ, ವಿನಿಯೋಗವೆಂಬ ಈ ಪರಿಕಲ್ಪನೆಯನ್ನು. ಚಿತ್ರದ ಕೈಯನ್ನು 'ಸನ್ನೆ' ಎಂದು ಕರೆಯುವುದು ಈ ದೃಷ್ಟಿಯಿಂದ ಹೆಚ್ಚು ಯೋಗ್ಯ. ಸನ್ನೆಗೆ ಮಾಡುವವರು ಬೇಕು, ಅರಿಯುವವರೂ ಬೇಕು.

ಹಾಗೆ ನೋಡಿದಾಗ ಚೆಫಲುವಿನ ಕೈಗೆ ಇಬ್ಬರು ಅರಿಯುವವರಿದ್ದರು, ಪಲೆರ್ಮೊದ ಕೈ ಅರಿಯುವವರ ಜಾಗವನ್ನು ನಮಗೇ ಬಿಟ್ಟುಕೊಟ್ಟಿದೆ, ಮೊರೊಜೊವಾಳ ಕೈಯನ್ನು ಅರಿತವರು ಅದರ ಬೆಲೆ ತೆತ್ತರು. ಚೆಫಲುವಿನ ಮೊಸಾಯಿಕ್‌ನ ಪಟಗಳು ಹಲವು ಪುಸ್ತಕಗಳಲ್ಲಿ ಅಚ್ಚಾಗುತ್ತವೆ. ಮುಖವನ್ನೂ ಎತ್ತಿದ ಕೈಯನ್ನೂ ಉಳಿಸಿಕೊಂಡು ತೆರೆದ ಪುಸ್ತಕವನ್ನು ಕತ್ತರಿಸಿಬಿಡುವ ಮುದ್ರಣಗಳೂ ಉಂಟು. ಈ ಕೈಯನ್ನು ಕುರಿತು ಕನ್ನಡದಲ್ಲಿ ಮುಂದೆ ಬರೆಯುವವರು ಕತ್ತರಿಸದ ಪಟವನ್ನು ಮುಂದಿಟ್ಟುಕೊಂಡು, ಎರಡೂ ಪುಟಗಳನ್ನು ಓದಿದ ಮೇಲೆ ಬೆರಳುಗಳ ಕಡೆಗೆ ಬರುವುದು ಒಳ್ಳೆಯದು.